ಅಮಾವಾಸ್ಯೆಯ ಗಿರಾಕಿ

ಬಂದವನು ಕಾರಿನ ಬಾಗಿಲು ತೆಗೆಯಲಿಲ್ಲ, ಸೀಟು ಒತ್ತಿ ನೋಡಲಿಲ್ಲ. ನೇರವಾಗಿ ಬಂಪರಿನ ಎದುರು ಕುಕ್ಕರುಗಾಲಲ್ಲಿ ಕೂತು, ಎಡಗಡೆಯ ಹೆಡ್‌ಲೈಟನ್ನು ಬೆರಳಿನಿಂದ ಸವರಿದ.

"ಇದೊಂದ್ ಮಾತ್ರ ಹೊಸ್ದು ಹಾಕ್ಸಿದ್ದೀರಲ್ಲ."

ಕೀರ್ತಿರಾಜ್ ಹಾಸನದಲ್ಲಿ ಹಳೆ ಕಾರಿನ ವ್ಯಾಪಾರಕ್ಕೆ ಇಳಿದ ಮೇಲೆ ಎಂತೆಂಥ ಗಿರಾಕಿಗಳನ್ನೋ ಕಂಡಿದ್ದ. ಅಮಾವಾಸ್ಯೆಯ ದಿನ ಗಾಡಿ ನೋಡಲು ಬಂದವನನ್ನು ಮಾತ್ರ ಕಂಡಿರಲಿಲ್ಲ. ಅವತ್ತು ವ್ಯಾಪಾರವೇ ಆಗದೆಂದು ಕೆಲಸದವರಿಗೂ ರಜೆ ಕೊಟ್ಟು ಒಬ್ಬನೇ ಕೂತಿದ್ದ.

"ಕಲ್ಲು ಸಿಡಿದು ಒಡ್ದೋಗಿತ್ತು ಸಾ," ಎಂದ.

"ಅಂಗಾ."

ಬಂದವನು ಟೋಪಿ ತೆಗೆದು ಬೆವರು ಒರೆಸಿಕೊಂಡ. ತಲೆ ಬೋಳಿಸಿತ್ತು. ಮೀಸೆಯೂ ಇಲ್ಲ. ಕೂದಲು ಈಗಷ್ಟೇ ಚುಕ್ಕಿ ಚುಕ್ಕಿಯಾಗಿ ಮೊಳೆಯುತ್ತಿತ್ತು. ಹೆತ್ತವರನ್ನು ಮಣ್ಣು ಮಾಡಿ ಬಂದ ಮಗನ ತಲೆ ಹೀಗಿರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೀರ್ತಿರಾಜನ ಕಣ್ಣು ತಾನಾಗಿ ಮೇಜಿನ ಡ್ರಾಯರ್ ಕಡೆ ಹೋಯಿತು.

ಹೋದ ಹುಣ್ಣಿಮೆಯ ಆಸುಪಾಸಿನಲ್ಲಿ, ಮೊಸಳೆ ಊರಿನ ಲಕ್ಷ್ಮಿದೇವಮ್ಮ ಎಂಬ ಮುದುಕಿಗೆ ಯಾವುದೋ ಕಾರು ಗುದ್ದಿ, ನಿಲ್ಲದೆ ಹೋಗಿತ್ತು. ಮುದುಕಿ ರಸ್ತೆಯಲ್ಲೇ ಪ್ರಾಣ ಬಿಟ್ಟಿದ್ದಳು. ಅದಾದ ಸ್ವಲ್ಪ ದಿನಕ್ಕೆ ಚನ್ನರಾಯಪಟ್ಟಣದ ದಲ್ಲಾಳಿಯೊಬ್ಬ ಈ ಕಾರನ್ನು ಕೊಟ್ಟಷ್ಟಕ್ಕೆ ಕೊಟ್ಟು ಹೋದ. ದಾಖಲೆ ಯಾರೋ ರಂಜಿನಿ ಎಂಬ ಹೆಂಗಸಿನ ಹೆಸರಿನಲ್ಲಿತ್ತು. ಅವಳ ಮುಖ ಕೀರ್ತಿರಾಜ್ ಕಂಡವನಲ್ಲ. ಅಗ್ಗಕ್ಕೆ ಸಿಕ್ಕಿತಲ್ಲ ಎಂದು ಖುಷಿಯಾಗಿ ಬಂಪರು, ದೀಪ ಬದಲಿಸಿದ. ಆಮೇಲೆ ಗಾಡಿ ತೊಳೆಯುವಾಗ, ವೈಪರಿನ ಕೆಳಗಿನ ಸಂದಿಯಲ್ಲಿ ಮುದುಕಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂಥ ಎಲೆಯಡಿಕೆ ಚೀಲ ಸಿಕ್ಕಿತು. ಅದರ ಮೇಲೆ ಒಣಗಿದ ರಕ್ತ.

ಪೊಲೀಸರಿಗೆ ಹೇಳೋಣವೆಂದರೆ ಗುರುತು ಅಳಿಸಿದವನು ತಾನೇ. ಎಸೆಯೋಣವೆಂದರೆ ಸತ್ತವಳ ವಸ್ತು, ಕೈ ಬರಲಿಲ್ಲ. ಕೊನೆಗೆ ಮೊನ್ನೆ ಮೊಸಳೆಯ ಟೀ ಅಂಗಡಿಗೆ ಹೋಗಿ ಮುದುಕಿಗೆ ಯಾರಿದ್ದಾರೆಂದು ವಿಚಾರಿಸಿದ್ದ. ಒಬ್ಬನೇ ಮಗ, ತಲೆ ಬೋಳಿಸಿಕೊಂಡು ಕಾರ್ಯ ಮುಗಿಸಿ ಹೋದ ಎಂದಿದ್ದರು.

ಈಗ ಮಗ ಬಂದಿದ್ದಾನೆ.

"ಯಾವೂರಾಯ್ತು ಸಾ?"

"ಅರಕಲಗೂಡು. ದೇವರಾಜ್ ಅಂತ." ಅವನು ಜೇಬಿನಿಂದ ಶೋರೂಮಿನ ಬಣ್ಣದ ಹಾಳೆ ತೆಗೆದು ಬಿಚ್ಚಿದ. "ಇನ್ ಸ್ವಲ್ಪ ಹಾಕುದ್ರೆ ಹೊಸಾ ಕಾರೇ ಬತ್ತದೆ. ಇದ್ಕಿಂತ ಚಿಕ್ದು, ಅಷ್ಟೇಯ. ನಮ್ ಮನೆಯವಳ್ಗೂ ಅದೇ ಬೇಕಂತೆ. ಈ ಕಾರಿನ ಎಸ್ರೆತ್ತಿದ್ರೆ ಊಟ ಬುಟ್ಟು ಏಳ್ತಾಳೆ."

"ಹಂಗಾದ್ರೆ ಹೊಸ್ದೇ ತಗಳಿ ಸಾ." ಹುಟ್ಟಿದಾಗಿನಿಂದ ಕೀರ್ತಿರಾಜನ ಬಾಯಲ್ಲಿ ಬಾರದ ಮಾತು ಅದು.

"ತಗಬೋದು. ಆದ್ರೆ ಇದು ಇಲ್ಲೇ ನಿಂತಿರ್ತದಲ್ಲ. ನಾಳೆ ಯಾರ್ ಕೈಗ್ ಸಿಕ್ತದೋ." ದೇವರಾಜ್ ಕಾರನ್ನೇ ನೋಡುತ್ತಿದ್ದ. "ಒಂದ್ಸಲ ಓಡ್ಸಿ ನೋಡಾನ. ನೀವೂ ಬನ್ನಿ."

ಬೇಡವೆನ್ನಲು ಕೀರ್ತಿರಾಜನಿಗೆ ಧೈರ್ಯ ಸಾಲಲಿಲ್ಲ. ಕೀ ತರಲು ಒಳಗೆ ಹೋದವನು ಡ್ರಾಯರಿನಲ್ಲಿಟ್ಟಿದ್ದ ಆ ಚೀಲವನ್ನೂ ಜೇಬಿಗೆ ಇಳಿಸಿಕೊಂಡ. ಮಾಡಿದ್ದುಣ್ಣೋ ಮಹರಾಯ. ಎರಡೇಟು ಬಿದ್ದರೆ ಬೀಳಲಿ, ಇವತ್ತು ಇದು ಮುಗಿಯಲಿ.

ಕಾರು ಹೊಳೆನರಸೀಪುರದ ರಸ್ತೆಗೆ ಬಿತ್ತು. ಎರಡನೇ ಗೇರಿಗೆ ಯಾವಾಗಲೂ ಸತಾಯಿಸುವ ಗಾಡಿ, ದೇವರಾಜನ ಕೈಯಲ್ಲಿ ತುಟಿಪಿಟಕ್ಕೆನ್ನಲಿಲ್ಲ. ಮೊಸಳೆಯ ಕಡೆ ಹೋಗುವ ದಾರಿ ಬಂತು. ಅವನು ಕೇಳದೆಯೇ ಅತ್ತ ತಿರುಗಿಸಿದ.

"ಟೀ ಅಂಗ್ಡೀಲಿ ಯಾರೋ ಕಾರ್ ವ್ಯಾಪಾರದವ್ರು ಆಯಮ್ಮನ್ನ ವಿಚಾರುಸ್ತಿದ್ರಂತೆ. ನೀವೇಯಾ?"

ಕೀರ್ತಿರಾಜ್ ಹೌದೆಂದು ತಲೆಯಾಡಿಸಿದ.

ಕೆರೆ ಏರಿಯ ಮೇಲೆ ಕಾರು ನಿಂತಿತು. ಸುತ್ತ ನರಪಿಳ್ಳೆಯಿರಲಿಲ್ಲ. ಏರಿಯ ಆ ಬದಿಗೆ ಆಳವಾದ ನೀರು.

"ತಪ್ಪಾಯ್ತು ಅಣ್ಣಾ," ಕೀರ್ತಿರಾಜ್ ಕೈ ಮುಗಿದುಬಿಟ್ಟ. "ಗುದ್ದಿದ್ದು ನಾನಲ್ಲ, ನನ್ ಮಕ್ಳಾಣೆಗೂ ಅಲ್ಲ. ದುಡ್ಡಿನಾಸೆಗೆ ದೀಪ ಬದ್ಲಾಯ್ಸಿ ಸುಮ್ನಾಗ್ಬುಟ್ಟೆ. ಇದು ನಿಮ್ಮಮ್ಮಂದು." ಚೀಲವನ್ನು ಚಾಚಿದ. "ಎಲ್ಲಿ ಬೇಕಾದ್ರೂ ಬಂದು ಸಾಕ್ಷಿ ಹೇಳ್ತೀನಿ."

ದೇವರಾಜ್ ಅದನ್ನು ಕಣ್ಣಿಗೆ ಒತ್ತಿಕೊಳ್ಳಲಿಲ್ಲ. ಮಗುಚಿ ಕಲೆ ನೋಡಿ ಜೇಬಿಗೆ ಹಾಕಿಕೊಂಡ. ದುಃಖ ಹೆಪ್ಪುಗಟ್ಟಿದರೆ ಮನುಷ್ಯ ಹೀಗೇ ಆಗುತ್ತಾನೆ ಎಂದುಕೊಂಡ ಕೀರ್ತಿರಾಜ್.

"ಸಿಕ್ಕಿದ್ದು ಇದೊಂದೇಯಾ?"

"ಇದೊಂದೇ ಅಣ್ಣಾ."

"ಇನ್ಯಾರ್ಗಾದ್ರೂ ಏಳಿದ್ದೀರಾ?"

"ನನ್ ಹೆಂಡ್ತಿಗೂ ಹೇಳಿಲ್ಲ."

"ಒಳ್ಳೇದಾಯ್ತು," ಎಂದ ದೇವರಾಜ್. "ಅಂಗಾದ್ರೆ ಹೊಸ್ದೇ ತಗತೀನಿ, ಬುಡಿ."

ಅವನು ಇಳಿದು ಹಿಂದಕ್ಕೆ ಹೋದ. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಕೀರ್ತಿರಾಜ್ ಕೂತಲ್ಲೇ ಅತ್ತುಬಿಟ್ಟ. ಎಷ್ಟು ದಿನದ ಅಳುವೋ. ಮುಖ ಒರೆಸಿಕೊಂಡು ಅವನೂ ಇಳಿದು, "ಅಮ್ಮನ ಕಾರ್ಯ ಎಲ್ಲಾ ಚೆನ್ನಾಗ್ ಆಯ್ತಾ ಅಣ್ಣಾ?" ಎಂದು ಕೇಳಿದ.

ದೇವರಾಜ್ ಡಿಕ್ಕಿಯ ಎಡಮೂಲೆಗೆ ಮುಷ್ಟಿಯಿಂದ ಒಂದು ಗುದ್ದಿದ. ಬಾಗಿಲು ಟಪ್ಪೆಂದು ತೆರೆದುಕೊಂಡಿತು. ಕೀಗೆ ಬಗ್ಗದ ಆ ಡಿಕ್ಕಿಗೆ ಎಲ್ಲಿ ಗುದ್ದಬೇಕೆಂದು ಕಂಡುಕೊಳ್ಳಲು ಕೀರ್ತಿರಾಜನಿಗೇ ಎರಡು ದಿನ ಹಿಡಿದಿತ್ತು. ದೇವರಾಜ್ ಒಳಗೆ ನೋಡದೆಯೇ ಕೈ ಹಾಕಿ, ಚಕ್ರ ಬಿಚ್ಚುವ ಕಬ್ಬಿಣದ ಪಾನ ಎಳೆದುಕೊಂಡ. ಇನ್ನೊಂದು ಕೈಯಿಂದ ಬೋಳುತಲೆ ಸವರಿಕೊಳ್ಳುತ್ತ ಹತ್ತಿರ ಬಂದ.

"ನಮ್ಮವ್ವ ಮನೇಲಿ ಗುಂಡ್ಕಲ್ಲಂಗವ್ಳೆ ಕಣಪ್ಪಾ. ಈ ಮುಡಿ, ಅವತ್ತು ಯಾರ್ ಕಣ್ಗೂ ಬೀಳ್ದೆ ಪಾರಾದ್ನಲ್ಲ, ಅದ್ಕೆ ತೀರ್ಸಿದ್ ಹರ್ಕೆ."