ಉತ್ತರಕ್ಕೆ ತಲೆ

ಮಡಿವಾಳಯ್ಯ ಹಾರೆಯ ತುದಿಯನ್ನು ಶವಪೆಟ್ಟಿಗೆಯ ಸಂದಿಗೆ ಇಟ್ಟದ್ದೇ ತಡ, ಶಿವಕಾಂತಮ್ಮ ಓಡಿಬಂದು ಅದರ ಮೇಲೆ ಕೂತುಬಿಟ್ಟಳು.

"ತೆಗೀಬ್ಯಾಡ್ರಿ, ಅಯ್ಯನೋರೆ. ಪೆಟಗಿ ಸಹಿತ ಇಳಿಸ್ರಿ."

ಹೊಲದಲ್ಲಿ ನೆರೆದಿದ್ದ ಭಂಕೂರಿನ ಜನ ಕತ್ತು ಚಾಚಿ ನೋಡಿದರು. ಸತ್ತ ಮಗನ ಮುಖ ನೋಡುವುದು ಬೇಡ ಎನ್ನುವ ತಾಯಿಯನ್ನು ಅವರು ಈವರೆಗೆ ಕಂಡಿರಲಿಲ್ಲ.

ಊರಿನ ಮಠದ ಅಯ್ಯನಾದ ಮಡಿವಾಳಯ್ಯನಿಗೆ ಬೆಳಗಿನಿಂದಲೇ ಹೇಸಿಗೆ ಹತ್ತಿತ್ತು. ಊರ ಬಾಗಿಲಲ್ಲಿ 'ವೀರಯೋಧ ಶಾಂತಕುಮಾರ ಅಮರ್ ರಹೇ' ಎಂಬ ಫ್ಲೆಕ್ಸು. ಸತ್ತವನ ಮುಖ ಅಂಗೈಯಷ್ಟು, ಕಟ್ಟಿಸಿದ ಮುಖಂಡನದು ಮೊರದಷ್ಟು. ಯಾವ ದೇಶದ ವೀರ? ಫರ್ಸಿ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ ಇಪ್ಪತ್ಮೂರರ ಹುಡುಗ. ಗೋದಾಮು ಕಾಯುವ ನೌಕರಿ ಎಂದು ನಂಬಿಸಿ ಏಜೆಂಟನೊಬ್ಬ ಹಿಮದ ದೇಶಕ್ಕೆ ಸಾಗಿಸಿದ. ಅಲ್ಲಿನವರು ಕೈಗೆ ಬಂದೂಕು ಕೊಟ್ಟು ತಮ್ಮ ಯುದ್ಧದ ಮುಂಚೂಣಿಗೆ ದೂಡಿದರು. ಇತ್ತ ಮುಖಂಡ ಪೆಟ್ಟಿಗೆಗೆ ಹಾರ ಹಾಕಿ, ಫೋಟೊ ಸರಿ ಬರಲಿಲ್ಲವೆಂದು ಅದನ್ನೇ ತೆಗೆದು ಮತ್ತೊಮ್ಮೆ ಹಾಕಿದ. ಥೂ!

ಅದಕ್ಕಿಂತ ಹೇಸಿಗೆ ತಂದದ್ದು ಮಶಾಕನ ಸುದ್ದಿ. ಅವನು ಪಕ್ಕದ ವಾಡಿ ಊರಿನ ಮುಸಲ್ಮಾನರ ತಬ್ಬಲಿ. ಶಿವಕಾಂತಮ್ಮನ ಕೈರೊಟ್ಟಿ ತಿಂದು ಬೆಳೆದು, ಶಾಂತಕುಮಾರನ ಜೊತೆ ಗಣಿಗೂ ಹೋದವ, ಆ ದೇಶಕ್ಕೂ ಹೋದವ. ಗುಂಡು ಹಾರಿದ ಕೂಡಲೇ ಗೆಳೆಯನನ್ನು ಬಿಟ್ಟು ಓಡಿದ್ದಾನೆ, ಆ ದೇಶದ ಪೊಲೀಸರು ಹುಡುಕುತ್ತಿದ್ದಾರೆ ಎಂದು ಪೆಟ್ಟಿಗೆಯ ಜೊತೆ ಬಂದ ಅಧಿಕಾರಿ ಹೇಳಿದ್ದ.

"ನಮಕ್‌ಹರಾಮ!" ಎಂದು ಮಡಿವಾಳಯ್ಯ ಎಲ್ಲರೆದುರು ಕ್ಯಾಕರಿಸಿ ಉಗಿದಿದ್ದ.

"ಅಂವಗ ಏನೂ ಅನಬ್ಯಾಡ್ರಿ," ಎಂದಿದ್ದಳು ಶಿವಕಾಂತಮ್ಮ. ಆಗಲೂ ಆಕೆಯ ಕಣ್ಣಲ್ಲಿ ಹನಿ ನೀರಿರಲಿಲ್ಲ.

ಈಗ ಕುಣಿ ನೋಡಿ ಮಡಿವಾಳಯ್ಯನ ಪಿತ್ತ ನೆತ್ತಿಗೇರಿತು. ಕೂರಿಸುವ ಚೌಕದ ಬದಲು ಆಕೆ ಆಳುದ್ದ ತೋಡಿಸಿದ್ದಳು.

"ತಂಗೀ, ಏಳು. ಹುಡುಗನ್ನ ಕುಂದರಿಸಬೇಕು, ಎಡಗೈಯಾಗ ಲಿಂಗ ಇಡಬೇಕು. ಐದು ವರ್ಷದಾಂವ ಇದ್ದಾಗ ಇವನ ಕೊರಳಿಗಿ ಲಿಂಗ ಕಟ್ಟಿದಾಂವ ನಾನು. ಹಂಗೇ ಮಣ್ಣು ಕೊಟ್ರ ಇವಗ ಐಕ್ಯ ಎಲ್ಲಿಂದು?"

"ಮಲಗಿಸೇ ಇಡ್ರಿ. ತಲಿ ಉತ್ತರಕ್ಕ ಬರ್ಲಿ."

ಆಕೆ ಗಣಿಯ ಹಳೆಯ ಮೇಸ್ತ್ರಿ ಮುಕ್ರಮನಿಗೆ ಕೈಸನ್ನೆ ಮಾಡಿದಳು. ಪೆಟ್ಟಿಗೆ ಕುಣಿಗೆ ಇಳಿಯಿತು. ಆಕೆ ಹೇಳಿದಂತೆ ಮುಕ್ರಮ ಮೂಡಣದ ಮಗ್ಗುಲಿಗೆ ಕಲ್ಲಿನ ತುಂಡು ತೂರಿಸಿ ಪೆಟ್ಟಿಗೆಯನ್ನು ಪಡುವಣಕ್ಕೆ ವಾಲಿಸಿದ. ಒಮ್ಮೆ ಆಕೆಯ ಮುಖ ನೋಡಿದ. ತಲೆ ತಗ್ಗಿಸಿ ನಿಂತ. ಅವನ ತುಟಿಗಳು ಅಲ್ಲಾಡುತ್ತಿದ್ದವು.

ಮಗನನ್ನು ಕಸದಂತೆ ಹೂಳಲು ಹೊರಟವಳು ಎಂಥ ತಾಯಿ! ಮಡಿವಾಳಯ್ಯನಿಗೆ ಆಕೆಯ ನೆರಳೂ ಅಸಹ್ಯವೆನಿಸಿತು. ಅಧಿಕಾರಿ ಬದುವಿನ ಮೇಲೆ ಕಾಗದ ಹಿಡಿದು ಕಾಯುತ್ತಿದ್ದ. ಅವನೆದುರಿಗೇ ಮಡಿವಾಳಯ್ಯ ಹಾರೆ ಹಿಡಿದು ಕುಣಿಗೆ ಇಳಿದ.

"ನೀ ಬ್ಯಾಡಂದ್ರೂ ನಾ ತೆಗಿಯಾಂವನೇ!"

ಶಿವಕಾಂತಮ್ಮ ಕುಣಿಗೆ ಹಾರಿ ಅವನ ಎರಡೂ ಕಾಲು ತಬ್ಬಿಕೊಂಡಳು. ಜನಕ್ಕೆ ಕಂಡದ್ದು ಅಷ್ಟೇ. ಆಕೆಯನ್ನು ಎತ್ತಲು ಬಾಗಿದ ಅವನ ಕಿವಿಗೆ ಮಾತ್ರ ಮುಂದಿನದು ಕೇಳಿಸಿತು.

"ಓಡಿದಾಂವ ನನ್ನ ಮಗ, ಅಯ್ಯನೋರೆ. ತನ್ನ ಮಿಲಿಟರಿ ನಂಬರಿನ ಬಿಲ್ಲಿ ಹೆಣದ ಕೊರಳಿಗಿ ಹಾಕಿ ಓಡ್ಯಾನ, ಇನ್ನೂ ಆ ದೇಶದ ಗಡಿ ದಾಟಿಲ್ಲ. ಫೋನಿನಾಗ ಅಂವನೇ ಹೇಳ್ಯಾನ. ಒಳಗಿರೋ ಕೂಸಿಗಿ ಅವರ ಮಂದಿ ಮಲಗಿಸೋಹಂಗ ಮಲಗಾಕರ ಬಿಡ್ರಿ... ಅಂವ ಮಶಾಕ."