ಒಂಬತ್ತು ಡಬ್ಬಿ

ಜನ ಹೇಗೆ ಹಂಚಿಕೊಳ್ಳುತ್ತಾರೆ ಎಂದು ಸಂಶೋಧನೆ ಮಾಡಲು ಬಂದವರು ಊರಿನ ಹೆಂಗಸರನ್ನು ಶಾಲೆಯಲ್ಲಿ ಕೋಣೆಗೊಬ್ಬರಂತೆ ಕೂರಿಸಿದ್ದರು.

"ನಿಮ್ಮೂರಿನವರೇ ಒಬ್ಬರಿಗೆ ಹತ್ತು ಸ್ಟೀಲ್ ಡಬ್ಬಿ ತೋರಿಸಿ, ಇನ್ನೊಬ್ಬರಿಗೆ ಎಷ್ಟು ಕೊಡ್ತೀರಿ ಅಂತ ಕೇಳಿದ್ವಿ. ಆ ಇನ್ನೊಬ್ಬರು ನೀವು. ಒಂಬತ್ತು ನಿಮಗೆ, ಒಂದು ತನಗೆ ಅಂದಿದ್ದಾರೆ. ನೀವು ಒಪ್ಪಿದ್ರೆ ಹಾಗೇ ಹಂಚ್ತೀವಿ. ಬೇಡ ಅಂದ್ರೆ ಇಬ್ಬರಿಗೂ ಇಲ್ಲ," ಎಂದಳು ಸಂಶೋಧಕಿ.

"ಯಾರು ಅವರು?" ಎಂದಳು ಎದುರು ಕೂತಿದ್ದ ಹೆಂಗಸು.

"ಹೆಸರು ಹೇಳೋ ಹಾಗಿಲ್ಲಮ್ಮ."

"ಹೇಳೋದೇ ಬೇಡ. ನನ್ನ ವಾರಗಿತ್ತಿ. ಹಬ್ಬಕ್ಕೆ ಸೀರೆ ತಂದಾಗ್ಲೂ ನೀನೇ ಮೊದಲು ಆರಿಸ್ಕೋ ಅಂತಾಳೆ. ಸೀರೆ ನನಗೆ, ಒಳ್ಳೆಯವಳು ಅನ್ನೋ ಹೆಸರು ಅವಳಿಗೆ."

"ಒಂಬತ್ತು ಡಬ್ಬಿ ಬಿಟ್ಟುಬಿಡ್ತೀರಾ?"

"ಅವಳಿಗೆ ಆ ಒಂದೂ ಸಿಗಬಾರದು. ಬೇಡ ಅಂತ ಬರ್ಕೊಳ್ಳಿ."

ಮನಸ್ಸು ಹಗುರ ಮಾಡಿಕೊಂಡು ಅವಳು ಹೊರಗೆ ಬಂದಳು. ತವರೂ ಅದೇ ಊರು. ಎದುರು ಕೋಣೆಯಿಂದ ಅವಳ ತಾಯಿ ಬರಿಗೈಯಲ್ಲಿ ಬಂದಳು.

"ಆ ಕಡೆ ನೀನೇ ಇದ್ರೆ ನಿನಗೇ ಸೇರ್ಲಿ ಅಂತ ಒಂಬತ್ತು ಕೊಟ್ಟೆ ಕಣೇ. ಬೇಡ ಅಂದ್ರಂತೆ," ಎಂದಳು ತಾಯಿ. "ನಿನ್ನ ವಾರಗಿತ್ತೀನೇ ಇರ್ಬೇಕು. ಅಷ್ಟು ಹೊಟ್ಟೆಕಿಚ್ಚು ಇನ್ಯಾರಿಗಿದೆ."