ಏಳು ಮಾರು

"ದೋಣಿ ಕಾಣ್ತದಾ ಟೀಚರ್?"

ಮಮ್ಮು ಬ್ಯಾರಿ ಕೇಳುತ್ತಿದ್ದಂತೆ ವೆರೊನಿಕಾ ಟೀಚರ್ ಬಗ್ಗಿ ನೋಡಿದರು. ಮಣಿಪಾಲದ ಕಾಲೇಜಿಗೆ ಹೊಸದಾಗಿ ಬಂದ ಕಂಪ್ಯೂಟರಿನ ಪ್ರಿಂಟರ್ ಕಿರ್ರೆನ್ನುತ್ತ ಕಾಗದ ಉಗುಳುತ್ತಿತ್ತು.

ಕಾಪುವಿನ ದೀಪಸ್ತಂಭದ ಎದುರು, ಮಗ ಜಮಾಲುದ್ದೀನನ ದೋಣಿ ಮುಳುಗಿದ ಕಡೆ, ಮಮ್ಮು ಬ್ಯಾರಿ ಎಂಟು ದಿನ ಹಗ್ಗ ಇಳಿಬಿಟ್ಟು ಆಳ ಅಳೆದು ಪುಸ್ತಕದಲ್ಲಿ ಬರೆದುಕೊಂಡಿದ್ದ. ಸಾಲಿಗೆ ಇಪ್ಪತ್ತರಂತೆ ಇಪ್ಪತ್ತು ಸಾಲು. ಎರಡು ಕೈ ಚಾಚಿದರೆ ಒಂದು ಮಾರು. ಆ ನಾನೂರು ಅಂಕಿ ತುಂಬಿಸಿ ಟೀಚರ್ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆದಿದ್ದರು. ಒಂಬತ್ತು ಮಾರು ಆಳವಿದ್ದಲ್ಲಿ ಚುಕ್ಕಿ, ಏಳಿದ್ದಲ್ಲಿ ಇಂಟು ಗುರುತು. ದೋಣಿ ಬಿದ್ದಲ್ಲಿ ಆಳ ಕಡಿಮೆ ತಾನೇ! ದೋಣಿ ಸಿಕ್ಕಿದರೆ ಮಗನೂ ಸಿಗಬಹುದು, ಕಬರಿನಲ್ಲಿಟ್ಟು ಮೂರು ಹಿಡಿ ಮಣ್ಣು ಹಾಕಬಹುದು. ಬ್ಯಾರಿಗೆ ಬೇಕಾದದ್ದು ಅಷ್ಟೇ.

ಕಾಗದದಲ್ಲಿ ದೋಣಿಯಿರಲಿಲ್ಲ. ಚುಕ್ಕಿಗಳ ನಡುವೆ ಇಂಟು ಗುರುತುಗಳ ಒಬ್ಬ ಮನುಷ್ಯ ಅಡ್ಡ ಮಲಗಿದ್ದ, ತಲೆಯಡಿ ಕೈ ಇಟ್ಟು.

ಟೀಚರಿಗೆ ಆ ಮಲಗುವ ರೀತಿ ಗೊತ್ತಿತ್ತು. ಮೊದಲು ಕಾಪುವಿನ ಶಾಲೆಯಲ್ಲಿದ್ದಾಗ ಜಮಾಲುವಿಗೆ ಪಾಠ ಹೇಳಿದವರು ಅವರೇ. ಹಿಂದಿನ ಬೆಂಚಿನಲ್ಲಿ ಹೀಗೆಯೇ ನಿದ್ದೆ ಹೊಡೆಯುತ್ತಿದ್ದ ಪುಣ್ಯಾತ್ಮ. ದಿನಾ ಎಬ್ಬಿಸಿ ಎಬ್ಬಿಸಿ ಸಾಕಾಗುತ್ತಿತ್ತು.

ಅವರಿಗೆ ಹೆದರಿಕೆಯಾಯಿತು. ಹೆದರಿದಾಗ ಲೆಕ್ಕದ ಟೀಚರುಗಳು ಏನು ಮಾಡುತ್ತಾರೋ ಅದನ್ನೇ ಮಾಡಿದರು.

"ಎಲ್ಲೋ ತಪ್ಪು ಉಂಟು ಬ್ಯಾರಿಗಳೇ. ನಾನು ತುಂಬಿಸಿದ ಅಂಕಿ ಓದ್ತೇನೆ, ನೀವು ನಿಮ್ಮ ಪುಸ್ತಕದಲ್ಲಿ ಗುರುತು ಹಾಕಿ."

ಮೊದಲ ಸಾಲುಗಳೆಲ್ಲ ಒಂಬತ್ತು. ಆಮೇಲೆ ಶುರುವಾಯಿತು. "ಏಳು... ಏಳು... ಏಳು..." ಅಂಕಿಯೇನೋ ಅಂಕಿಯೇ. ಆದರೆ ಓದುತ್ತ ಓದುತ್ತ ದನಿ ಗಡುಸಾಯಿತು, ಹಳೆಯ ತರಗತಿಯ ದನಿಯಾಯಿತು. ತಡೆದರೂ ನಿಲ್ಲಲಿಲ್ಲ. "ಏಳು! ಏಳು!" ಬ್ಯಾರಿ ತಲೆಯೆತ್ತಿ ನೋಡಿದ. ಒಂದು ಅಂಕಿಯೂ ತಪ್ಪಿರಲಿಲ್ಲ.

ಮತ್ತೊಮ್ಮೆ ಪ್ರಿಂಟ್ ಕೊಟ್ಟರು.

ಈ ಸಲ ಆಕೃತಿ ನೆಟ್ಟಗೆ ನಿಂತಿತ್ತು. ಎದೆಯ ಮೇಲೆ ಕೈ ಕಟ್ಟಿಕೊಂಡು, ಟೀಚರ್ ಎಬ್ಬಿಸಿ ನಿಲ್ಲಿಸಿದ ಹುಡುಗರು ನಿಲ್ಲುವಂತೆ.

ಟೀಚರ್ ಪ್ರೋಗ್ರಾಮನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಒಂದಕ್ಷರ ಬದಲಾಗಿರಲಿಲ್ಲ. "ಅಡ್ಡಸಾಲು, ಉದ್ದಸಾಲು ಅದಲುಬದಲಾಗಿರಬೇಕು," ಎಂದರು. ಅವರ ಮಾತನ್ನು ಅವರೇ ನಂಬಲಿಲ್ಲ.

ಮಮ್ಮು ಬ್ಯಾರಿ ಎರಡು ಕಾಗದಗಳನ್ನೂ ಮೇಜಿನ ಮೇಲೆ ಹರಡಿ, ನಿಂತ ಆಕೃತಿಯನ್ನು ಬೆರಳಿನಿಂದ ಸವರಿದ.

"ಅವನು ನಿಮ್ಮ ಮಾತು ಮೀರುವವನಲ್ಲ ಟೀಚರ್," ಎಂದ. "ಇನ್ನು ಕೂತುಕೋ ಅಂತ ಮಾತ್ರ ಹೇಳಬೇಡಿ. ಮನೆಗೆ ಹೋಗು ಅನ್ನಿ."